ನೋವಿಲ್ಲದ ಹುಣ್ಣನ್ನು ನಂಬಬೇಡಿ
ಬಾಯಿಯ ಕ್ಯಾನ್ಸರು: ಕಾರಣ, ಮುನ್ಸೂಚನೆ, ದಂತ ವೈದ್ಯರ ಪಾತ್ರ ಮತ್ತು ಕಾನೂನಿನ ನೆರವು

ಹಲ್ಲು ನೋಯದೆ ಹಲ್ಲಿನ ವೈದ್ಯರ ಬಳಿಗೆ ಹೋಗುವ ವಾಡಿಕೆ ನಮ್ಮ ಜನರಲ್ಲಿ ಇಲ್ಲ. ನೋವು ಬಂದರೆ ಮೊದಲು ಲವಂಗ, ಆಮೇಲೆ ಔಷಧದಂಗಡಿಯ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಹಲ್ಲು ಕೀಳಿಸುವುದು. ಪಾಪಿರೆಡ್ಡಿಪಟ್ಟಿಯಿಂದ ಹೊಸೂರಿನವರೆಗೆ, ಸೇಲಂನಿಂದ ತಾಳವಾಡಿಯವರೆಗೆ ಬಹುತೇಕ ಮನೆಗಳ ಕ್ರಮ ಇದೇ. ಹಲ್ಲುನೋವಿನ ವಿಷಯದಲ್ಲಿ ಈ ಉದಾಸೀನದಿಂದ ಹೋಗುವುದು ಒಂದು ಹಲ್ಲು. ಬಾಯಿಯ ಕ್ಯಾನ್ಸರಿನ ವಿಷಯದಲ್ಲಿ ಹೋಗುವುದು ಪ್ರಾಣ. ಏಕೆಂದರೆ ಆ ರೋಗವು ತನ್ನ ಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವನ್ನೇ ಕಾಯುತ್ತಾ ಕುಳಿತವರಿಗೆ ಅದು ತನ್ನ ಇರವನ್ನು ತಿಳಿಸುವ ಹೊತ್ತಿಗೆ ಕೆನ್ನೆಯನ್ನೋ ದವಡೆಯನ್ನೋ ಕುತ್ತಿಗೆಯ ಗಂಟುಗಳನ್ನೋ ಹಿಡಿದಿರುತ್ತದೆ.

ಈ ಲೇಖಕನು ವೈದ್ಯನಲ್ಲ, ವಕೀಲ. ಆದರೆ ಕಾಯಿಲೆಯ ಕೊನೆಯ ಅಧ್ಯಾಯ ಅನೇಕ ಬಾರಿ ವಕೀಲರ ಮೇಜಿನ ಮೇಲೆಯೇ ಬರೆಯಲ್ಪಡುತ್ತದೆ. ಚಿಕಿತ್ಸೆಯ ಖರ್ಚಿಗೆಂದು ಅರ್ಧ ಎಕರೆ ಮಾರುವವರು ಕ್ರಯಪತ್ರಕ್ಕೆ ಬರುತ್ತಾರೆ. ಮನೆಯ ಯಜಮಾನನು ತೀರಿಕೊಂಡ ಮೇಲೆ ವಾರಸುದಾರರ ಪ್ರಮಾಣಪತ್ರಕ್ಕೆ ಹೆಂಡತಿ ಮಕ್ಕಳು ಬರುತ್ತಾರೆ. ಆ ಕಾಗದಗಳನ್ನು ಸಿದ್ಧಪಡಿಸುವಾಗ ಏಳುವ ಪ್ರಶ್ನೆ ಒಂದೇ: ಇವರು ಒಂದು ವರ್ಷ ಮೊದಲು ಕನ್ನಡಿಯ ಮುಂದೆ ಬಾಯಿ ತೆರೆದು ನೋಡಿಕೊಂಡಿದ್ದರೆ ಈ ಕಾಗದದ ಅಗತ್ಯವೇ ಬೀಳುತ್ತಿತ್ತೇ? ಅದಕ್ಕಾಗಿ ವೈದ್ಯಶಾಸ್ತ್ರವು ಖಚಿತವಾಗಿ ಹೇಳಿರುವ ಸಂಗತಿಗಳನ್ನೂ, ಕಾನೂನು ನಮ್ಮ ಕೈಗೆ ಕೊಟ್ಟಿರುವ ಸಾಧನಗಳನ್ನೂ ಸಾಕ್ಷ್ಯದ ಕ್ರಮದಲ್ಲಿ ಇಲ್ಲಿ ಇಡಲಾಗಿದೆ. ಶಾಲೆಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಓದಿಸಿ, ಹಿರಿಯರೂ ಕೇಳಲಿ ಎಂಬುದು ವಿನಂತಿ.

ರೋಗದ ವ್ಯಾಪ್ತಿ

ಜಗತ್ತಿನ ಕ್ಯಾನ್ಸರ್ ಲೆಕ್ಕವನ್ನಿಡುವ ಅಂತರರಾಷ್ಟ್ರೀಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 35 ಸಾವಿರ ಜನರಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರು ಹೊಸದಾಗಿ ಕಂಡುಬಂದಿತು. ಸುಮಾರು 75 ಸಾವಿರ ಜನರು ಅದರಿಂದ ಸತ್ತರು. ನಮ್ಮ ದೇಶದ ಗಂಡಸರಿಗೆ ತಗಲುವ ಕ್ಯಾನ್ಸರುಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಅನೇಕ ಪಾಶ್ಚಾತ್ಯ ದೇಶಗಳಲ್ಲಿ ಇದು ಪಟ್ಟಿಯ ಕೆಳಭಾಗದಲ್ಲಿರುವ ರೋಗ. ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ನಮ್ಮ ರಕ್ತದಲ್ಲಿಲ್ಲ, ನಾವು ಬಾಯಿಯೊಳಗೆ ಇಟ್ಟುಕೊಳ್ಳುವ ವಸ್ತುಗಳಲ್ಲಿದೆ. 2016-17ರಲ್ಲಿ ಕೇಂದ್ರ ಸರ್ಕಾರವು ನಡೆಸಿದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ 15 ವರ್ಷ ಮೀರಿದವರ ಪೈಕಿ ಶೇ. 28.6 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವರೆಂದು ತಿಳಿದುಬಂದಿತು. ಶೇ. 21.4 ಮಂದಿ ಅದನ್ನು ಸೇದದೆ, ಅಗಿದು ಅಥವಾ ಒತ್ತಿಟ್ಟುಕೊಂಡು ಬಳಸುವವರು.

ಚಿತ್ರಮಂದಿರಕ್ಕೆ ಹೋದವರೆಲ್ಲರೂ ಮುಕೇಶ್ ಎಂಬ ತರುಣನನ್ನು ತೆರೆಯ ಮೇಲೆ ಕಂಡಿದ್ದಾರೆ. ಗುಟ್ಕಾ ಅಗಿಯುತ್ತಿದ್ದ ಮಹಾರಾಷ್ಟ್ರದ ಆ ಯುವಕನು 2009ರಲ್ಲಿ ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡಾಗ ವಯಸ್ಸು 24. ಆ ಚಿತ್ರ ಬಂದಾಗ ಮುಖ ತಿರುಗಿಸುವವರೂ ನಗುವವರೂ ಇದ್ದಾರೆ. ಅದು ನಟನೆಯಲ್ಲ, ಆಸ್ಪತ್ರೆಯಲ್ಲಿ ತೆಗೆದದ್ದು ಎಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು. ಈ ರೋಗವು ಮುದುಕರ ಪಾಲಿನದು, 40 ದಾಟಿದ ಮೇಲೆ ಯೋಚಿಸಿದರೆ ಸಾಕು ಎಂಬ ಮಾತನ್ನು ಆ ಒಂದು ವಯಸ್ಸೇ ಸುಳ್ಳು ಮಾಡುತ್ತದೆ.

ತಾಂಬೂಲವೂ ಹೊಗೆಸೊಪ್ಪೂ

ನಮ್ಮ ಸೀಮೆಯಲ್ಲಿ ಈ ವಿಷಯವನ್ನು ಎತ್ತಿದ ಕೂಡಲೇ ಬರುವ ಆಕ್ಷೇಪಣೆ ಒಂದುಂಟು: ‘ನಮ್ಮ ಅಜ್ಜ ಅಜ್ಜಿ ಎಲೆಅಡಿಕೆ ಹಾಕಿಕೊಂಡೇ ತೊಂಬತ್ತು ವರ್ಷ ಬಾಳಲಿಲ್ಲವೇ?’ ಕಡತ್ತೂರು, ಪಾಪಿರೆಡ್ಡಿಪಟ್ಟಿಗಳ ಸುತ್ತ ವೀಳ್ಯದೆಲೆಯ ತೋಟಗಳಿವೆ. ಸೇಲಂ ಕಡೆಗೆ ಅಡಿಕೆಯ ತೋಟಗಳಿವೆ. ಮದುವೆಯ ವೀಳ್ಯಶಾಸ್ತ್ರದಿಂದ ಹಿಡಿದು ದೇವರ ಮುಂದಿನ ತಾಂಬೂಲದವರೆಗೆ ಎಲೆಯೂ ಅಡಿಕೆಯೂ ನಮ್ಮ ಬಾಳಿನಲ್ಲಿ ಸೇರಿಹೋಗಿವೆ. ಆದುದರಿಂದ ಈ ಆಕ್ಷೇಪಣೆಗೆ ಗೌರವದಿಂದಲೇ ಉತ್ತರ ಕೊಡಬೇಕು.

ಮೊದಲನೆಯ ಉತ್ತರ: ಹೊಗೆಸೊಪ್ಪು ನಮ್ಮ ಪೂರ್ವಿಕರ ತಾಂಬೂಲದಲ್ಲಿ ಇರಲಿಲ್ಲ. ಅಮೆರಿಕ ಖಂಡದ ಈ ಗಿಡವನ್ನು ಪೋರ್ಚುಗೀಸರು ಹಡಗಿನಲ್ಲಿ ಭಾರತಕ್ಕೆ ತಂದು ಇನ್ನೂ ಐದು ಶತಮಾನಗಳು ತುಂಬಿಲ್ಲ. ಶಾಸ್ತ್ರದ ತಾಂಬೂಲಕ್ಕೂ ಇಂದಿನ ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪಿನ ಉಂಡೆಗೂ ಹೆಸರಷ್ಟೇ ಸಮಾನ.

ಎರಡನೆಯ ಉತ್ತರ ವೈದ್ಯರದು. ಈ ಸಂಬಂಧವನ್ನು ಕಂಡುಹಿಡಿದವರಲ್ಲಿ ನಮ್ಮದೇ ದಕ್ಷಿಣದ ಆಸ್ಪತ್ರೆಗಳ ವೈದ್ಯರು ಮುಂಚೂಣಿಯಲ್ಲಿದ್ದರು. ಇಂದಿನ ಕನ್ಯಾಕುಮಾರಿ ಜಿಲ್ಲೆಗೆ ಸೇರಿದ ನೆಯ್ಯೂರಿನ ಆಸ್ಪತ್ರೆಯಲ್ಲಿದ್ದ ಓರ್ ಎಂಬ ವೈದ್ಯರು 1933ರಲ್ಲಿ ತಿರುವಾಂಕೂರಿನ ಎಲೆಅಡಿಕೆ ಅಗಿಯುವವರಲ್ಲಿ ಬಾಯಿಯ ಕ್ಯಾನ್ಸರು ಎಂಬ ಪ್ರಬಂಧವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲಿನ ಹತ್ತಾರು ವರ್ಷಗಳ ಅಧ್ಯಯನಗಳನ್ನು ತೂಗಿ ನೋಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಸೇರಿದ ತಾಂಬೂಲವು ಮನುಷ್ಯರಿಗೆ ಕ್ಯಾನ್ಸರು ತರುವುದೆಂದು 1985ರಲ್ಲಿ ನಿರ್ಣಯಿಸಿತು. 2004ರಲ್ಲಿ ಪ್ರಕಟವಾದ ಅದೇ ವಿಭಾಗದ ಇನ್ನೊಂದು ಸಂಪುಟವು ಹೊಗೆಸೊಪ್ಪಿಲ್ಲದ ತಾಂಬೂಲವನ್ನೂ, ಅಡಿಕೆಯನ್ನೂ ಅದೇ ಮೊದಲ ವರ್ಗದಲ್ಲಿ ಸೇರಿಸಿತು.

ಎಲ್ಲ ಅಜ್ಜಂದಿರಿಗೂ ರೋಗ ಬರಲಿಲ್ಲವೆಂಬುದು ನಿಜ. ಹೆಲ್ಮೆಟ್ಟಿಲ್ಲದೆ ಬೈಕು ಓಡಿಸಿದವರೆಲ್ಲರೂ ತೊಪ್ಪೂರು ಘಟ್ಟದಲ್ಲಿ ಸಾಯುವುದಿಲ್ಲ ಎಂಬುದೂ ನಿಜವೇ. ಬದುಕಿ ಉಳಿದವರು ನಮ್ಮೆದುರಿಗೆ ಕುಳಿತು ಮಾತನಾಡುತ್ತಾರೆ. ಹೋದವರು ಸಾಕ್ಷಿ ಹೇಳಲು ಬರುವುದಿಲ್ಲ. ಶುಭಕಾರ್ಯಗಳಲ್ಲಿ ವೀಳ್ಯ ಕೊಡುವುದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಕೊಡುವುದು ಸಂಪ್ರದಾಯ, ದಿನಕ್ಕೆ ಹತ್ತು ಬಾರಿ ದವಡೆಯ ಸಂದಿನಲ್ಲಿ ಒತ್ತಿಟ್ಟುಕೊಂಡು ಮಲಗುವುದು ಚಟ. ಇವೆರಡನ್ನೂ ಬೇರ್ಪಡಿಸಿ ನೋಡುವ ವಿವೇಕವನ್ನು ಮನೆಯ ಹಿರಿಯರೇ ತೋರಿಸಬೇಕು.

ಅಪಾಯ ತರುವ ಸಂಗತಿಗಳು

ಸೇದುವ ತಂಬಾಕು: ಬೀಡಿ, ಸಿಗರೇಟು, ಚುಟ್ಟ ಇವೆಲ್ಲವೂ ಇದರಲ್ಲಿ ಸೇರುತ್ತವೆ. ಬೀಡಿ ಎಲೆಯಲ್ಲಿ ಸುತ್ತಿದ್ದು, ಆದ್ದರಿಂದ ಸೌಮ್ಯ ಎಂಬ ನಂಬಿಕೆಗೆ ಯಾವ ಆಧಾರವೂ ಇಲ್ಲ.

ಅಗಿಯುವ ತಂಬಾಕು: ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಸುಣ್ಣದೊಡನೆ ಉಜ್ಜಿದ ಪುಡಿ, ತುಟಿಯ ಒಳಗೆ ಇಟ್ಟುಕೊಳ್ಳುವ ಸಣ್ಣ ಚೀಲ. ಇವುಗಳಲ್ಲಿ ಕ್ಯಾನ್ಸರ್ ತರುವ 28ಕ್ಕಿಂತ ಹೆಚ್ಚು ರಾಸಾಯನಿಕಗಳನ್ನು ಗುರುತಿಸಲಾಗಿದೆ. ಅವು ಲಾಲಾರಸದಲ್ಲಿ ಕರಗಿ ಒಂದೇ ಜಾಗದ ತೊಗಲನ್ನು ಗಂಟೆಗಟ್ಟಲೆ ನೆನೆಸುತ್ತವೆ. ಇದರಿಂದಲೇ ನಮ್ಮವರಲ್ಲಿ ರೋಗವು ಅನೇಕ ವೇಳೆ ಕೆನ್ನೆಯ ಒಳಮೈಗೂ ಕೆಳವಸಡಿಗೂ ನಡುವಣ ಸಂದಿನಲ್ಲಿ, ಎಂದರೆ ಉಂಡೆಯನ್ನು ಒತ್ತಿಡುವ ಜಾಗದಲ್ಲಿಯೇ, ಹುಟ್ಟುತ್ತದೆ. ಹೊಗೆಸೊಪ್ಪಿನಲ್ಲಿ ಹಲ್ಲುಜ್ಜಿದರೆ ಹಲ್ಲು ಗಟ್ಟಿಯಾಗುವುದೆಂಬ ಭ್ರಮೆಯೂ ಕೆಲವರಲ್ಲಿದೆ. ಹಲ್ಲುಪುಡಿ, ಟೂತ್‌ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರವು 1992ರಲ್ಲಿಯೇ ನಿಷೇಧಿಸಿತು.

ಅಡಿಕೆ: ಬಣ್ಣದ ಪೊಟ್ಟಣಗಳಲ್ಲಿ ಬರುವ ಪಾನ್ ಮಸಾಲೆಯಲ್ಲಿ ತಂಬಾಕಿಲ್ಲವೆಂದು ಅಚ್ಚಾಗಿದ್ದರೂ ಅಡಿಕೆ ಇರುತ್ತದೆ. ಎಡೆಬಿಡದೆ ಅಡಿಕೆ ಅಗಿಯುವವರ ಕೆನ್ನೆಯ ಒಳಪದರವು ನಾರುನಾರಾಗಿ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುವ ಒಂದು ಕಾಯಿಲೆ ಬರುತ್ತದೆ. ಖಾರ ತಗಲಿದರೆ ಉರಿ, ಕೆನ್ನೆ ಹಲಗೆಯಂತೆ ಗಡಸು, ಬಾಯಿ ದಿನೇ ದಿನೇ ಕಿರಿದು. ಈ ಬಿಗಿತವು ಮುಂದೆ ಕ್ಯಾನ್ಸರಿಗೆ ತಿರುಗಬಲ್ಲದು. ಪೊಟ್ಟಣ ಹರಿಯುವ ಹುಡುಗರಲ್ಲಿಯೂ ಇದು ಕಾಣಿಸಿಕೊಳ್ಳುತ್ತಿರುವುದು ಶಾಲಾ ಕುಟುಂಬಗಳು ಗಮನಿಸಬೇಕಾದ ಸಂಗತಿ.

ಮದ್ಯ: ಮದ್ಯವು ತಾನೇ ಅಪಾಯಕಾರಿ. ತಂಬಾಕಿನೊಡನೆ ಸೇರಿದಾಗ ಎರಡರ ಅಪಾಯವೂ ಕೂಡುವುದಕ್ಕಿಂತ ಹೆಚ್ಚಾಗಿ ಗುಣಿಸಿಕೊಳ್ಳುತ್ತದೆ.

ಇತರ ಕಾರಣಗಳು: ಹಣ್ಣು ತರಕಾರಿಗಳಿಲ್ಲದ ಊಟ, ಬಾಯಿಯ ಅಶುಚಿ, ತುಟಿಗೆ ವರ್ಷಗಟ್ಟಲೆ ಬೀಳುವ ಬಿರುಬಿಸಿಲು ಇವೂ ಪಾಲುಗೊಳ್ಳುತ್ತವೆ. ಗಂಟಲಿನ ಹಿಂಭಾಗದ ಕ್ಯಾನ್ಸರಿಗೆ ಒಂದು ಬಗೆಯ ವೈರಸ್ಸೂ ಕಾರಣವಾಗುತ್ತದೆ. ಮುರಿದ ಹಲ್ಲಿನ ಚೂಪುತುದಿ ಅಥವಾ ಸರಿಹೊಂದದ ಕಟ್ಟುಹಲ್ಲು ಒಂದೇ ಜಾಗವನ್ನು ಉಜ್ಜಿ ಹುಣ್ಣು ಮಾಡುತ್ತಿದ್ದರೆ ಅದನ್ನು ಸರಿಪಡಿಸಿಕೊಳ್ಳಬೇಕು. ಆ ಹುಣ್ಣು ಯಾವುದರದೆಂಬ ಸಂದೇಹವೇ ಉಳಿಯಬಾರದು. ಯಾವ ಚಟವೂ ಇಲ್ಲದವರಿಗೂ ಅಪರೂಪಕ್ಕೆ ಈ ರೋಗ ಬರುವುದುಂಟು. ಆದ್ದರಿಂದ ಪರೀಕ್ಷೆ ಎಲ್ಲರಿಗೂ ಬೇಕು.

ಕಣ್ಣಿಗೆ ಕಾಣುವ ಮುನ್ಸೂಚನೆಗಳು

ಹೊಟ್ಟೆಯೊಳಗಿನ ಕ್ಯಾನ್ಸರನ್ನು ನೋಡಲು ಯಂತ್ರ ಬೇಕು. ಬಾಯಿಯದಕ್ಕೆ ಹಗಲ ಬೆಳಕು, ಒಂದು ಕನ್ನಡಿ, ತೊಳೆದ ಬೆರಳು ಸಾಕು. ತಿಂಗಳಿಗೊಮ್ಮೆ ಬಾಯಿ ಮುಕ್ಕಳಿಸಿ, ಕಟ್ಟುಹಲ್ಲಿದ್ದರೆ ತೆಗೆದಿಟ್ಟು, ತುಟಿಗಳ ಒಳಮೈ, ಎರಡೂ ಕೆನ್ನೆಗಳ ಒಳಮೈ, ವಸಡು, ನಾಲಗೆಯ ಮೇಲ್ಭಾಗ ಮತ್ತು ಎರಡು ಅಂಚುಗಳು, ನಾಲಗೆಯ ಅಡಿ, ಅಂಗುಳ ಇಷ್ಟನ್ನೂ ನೋಡಬೇಕು. ಬೆರಳಿನಿಂದ ಒತ್ತಿ ಗಡಸು ಉಂಟೇ ಎಂದು ತಿಳಿಯಬೇಕು. ಕೆಳಗಿನ ಯಾವುದಾದರೂ ಕಂಡರೆ ತಡ ಮಾಡಬಾರದು.

• ಎರಡು ವಾರ ಕಳೆದರೂ ಮಾಯದ ಹುಣ್ಣು. ನೋವಿಲ್ಲದಿದ್ದರೆ ಇನ್ನೂ ಎಚ್ಚರ.
• ಒರಸಿದರೂ ಹೋಗದ ಬಿಳಿ ಮಚ್ಚೆ. ಎಲ್ಲ ಬಿಳಿ ಮಚ್ಚೆಗಳೂ ಕ್ಯಾನ್ಸರಾಗುವುದಿಲ್ಲ. ಆಗುವುದು ಯಾವುದೆಂದು ವೈದ್ಯರೇ ಹೇಳಬೇಕು.
• ಮಖಮಲ್ಲಿನಂಥ ಕೆಂಪು ಮಚ್ಚೆ, ಅಥವಾ ಕೆಂಪೂ ಬಿಳಿಯೂ ಕಲೆತ ಮಚ್ಚೆ. ಇದು ಬರೀ ಬಿಳಿಯದಕ್ಕಿಂತ ಹೆಚ್ಚು ಅಪಾಯದ್ದು.
• ಕೆನ್ನೆ, ನಾಲಗೆ ಅಥವಾ ಕುತ್ತಿಗೆಯಲ್ಲಿ ಗಂಟು, ದಪ್ಪನಾದ ಗಡಸು.
• ಕಾರಣವಿಲ್ಲದೆ ಹಲ್ಲು ಅಲುಗಾಡುವುದು; ಹಲ್ಲು ಕೀಳಿಸಿದ ಗುಳಿ ಮಾಯದಿರುವುದು; ಸರಿಯಾಗಿದ್ದ ಕಟ್ಟುಹಲ್ಲು ಕೂಡದಿರುವುದು.
• ತುಟಿ, ನಾಲಗೆಗಳಲ್ಲಿ ಜೋಮು, ನುಂಗಲು ಕಷ್ಟ, ಮಾತು ತೊದಲುವುದು, ಒಂದೇ ಕಡೆಯ ಕಿವಿನೋವು.
• ಬಾಯಿ ಬಿಗಿಯುವುದು. ತಮ್ಮದೇ ಕೈಯ ಮೂರು ಬೆರಳುಗಳನ್ನು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನೆಟ್ಟಗೆ ತೂರಿಸಲು ಆಗದಿದ್ದರೆ ತೋರಿಸಿಕೊಳ್ಳಬೇಕು.

ಹಲ್ಲಿನ ವೈದ್ಯರು ಮಾಡುವುದೇನು?

ದಂತ ವೈದ್ಯರೆಂದರೆ ಹಲ್ಲಿಗಷ್ಟೇ ಸಂಬಂಧಪಟ್ಟವರೆಂದು ನಾವು ತಿಳಿದಿದ್ದೇವೆ. ಬಾಯಿಯ ಸಕಲ ಭಾಗಗಳ ರೋಗವನ್ನು ಗುರುತಿಸಲು ತರಬೇತಿ ಪಡೆದವರು ಅವರೇ. ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ನಾಲಗೆಯನ್ನು ಬಟ್ಟೆಯ ತುಂಡಿನಲ್ಲಿ ಹಿಡಿದು ಪಕ್ಕಕ್ಕೆಳೆದು ಅದರ ಅಂಚನ್ನೂ ಬುಡವನ್ನೂ ನೋಡುತ್ತಾರೆ. ಕನ್ನಡಿಯಲ್ಲಿ ನಮಗೆ ಕಾಣದ ಜಾಗ ಅದು. ಕೆನ್ನೆಯನ್ನು ಎರಡು ಬೆರಳ ನಡುವೆ ಒತ್ತುತ್ತಾರೆ, ಕುತ್ತಿಗೆಯ ಗಂಟುಗಳನ್ನು ಸವರಿ ನೋಡುತ್ತಾರೆ. ಸೂಜಿಯಿಲ್ಲ, ನೋವಿಲ್ಲ. ಹಲ್ಲು ತೋರಿಸಲು ಹೋದಾಗ ‘ಬಾಯೆಲ್ಲ ಒಮ್ಮೆ ನೋಡಿಬಿಡಿ ಡಾಕ್ಟರೇ’ ಎಂದು ನಾವೇ ಕೇಳಬಹುದು, ಕೇಳಬೇಕು. ಚಟವನ್ನು ಮುಚ್ಚಿಡಬಾರದು. ವಕೀಲರಿಗೂ ವೈದ್ಯರಿಗೂ ಸುಳ್ಳು ಹೇಳಿದರೆ ನಷ್ಟ ಹೇಳಿದವರಿಗೇ.

ಸಂದೇಹ ಬಂದರೆ ಆ ಜಾಗದ ಒಂದು ಸಣ್ಣ ಚೂರನ್ನು, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ತೆಗೆದು, ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ. ‘ಕತ್ತರಿ ಸೋಕಿದರೆ ಕ್ಯಾನ್ಸರು ಹರಡುತ್ತದೆ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಇದು ತಪ್ಪು. ರೋಗ ಹರಡುವುದು ಪರೀಕ್ಷೆಯನ್ನು ಮುಂದೂಡಿದ ಆ ತಿಂಗಳುಗಳಲ್ಲಿ. ಜನರು ಎರಡನ್ನೂ ಹತ್ತಿರ ಹತ್ತಿರ ಕಂಡು, ಪರೀಕ್ಷೆಯನ್ನು ಕಾರಣವೆಂದು ಎಣಿಸುತ್ತಾರೆ.

ಎರಡು ಸೆಂಟಿಮೀಟರಿಗಿಂತ ಕಿರಿದಾಗಿರುವಾಗ, ಕುತ್ತಿಗೆಯ ಗಂಟುಗಳಿಗೆ ಮುಟ್ಟುವ ಮೊದಲು ಗೆಡ್ಡೆ ಸಿಕ್ಕಿದರೆ, ಬಹುಮಟ್ಟಿಗೆ ಒಂದು ಶಸ್ತ್ರಚಿಕಿತ್ಸೆಯಲ್ಲೇ ಕೆಲಸ ಮುಗಿಯಬಹುದು. ಹೀಗೆ ಬೇಗ ಬಂದವರಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಐದು ವರ್ಷ ದಾಟಿ ಬದುಕುತ್ತಾರೆ. ತಡವಾಗಿ ಬಂದವರಲ್ಲಿ ಈ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಶಸ್ತ್ರಚಿಕಿತ್ಸೆಯ ಮೇಲೆ ವಿಕಿರಣ, ಅದರ ಮೇಲೆ ಔಷಧ. ದವಡೆ ಹೋಗುತ್ತದೆ, ಮಾತು ಕೆಡುತ್ತದೆ, ಉಣ್ಣುವುದೇ ಒಂದು ಕಷ್ಟವಾಗುತ್ತದೆ. ನಮ್ಮ ದೇಶದಲ್ಲಿ ಹೆಚ್ಚಿನವರು ಬರುವುದು ಈ ಎರಡನೆಯ ಸಾಲಿನಲ್ಲಿ.

ಬೇಗ ನೋಡುವುದರಿಂದ ಸಾವು ತಪ್ಪುತ್ತದೆ ಎಂಬುದಕ್ಕೆ ನೆರೆಯ ಕೇರಳದಲ್ಲಿಯೇ ಪುರಾವೆ ಇದೆ. 1996ರಿಂದ ತಿರುವನಂತಪುರ ಜಿಲ್ಲೆಯ 13 ಪಂಚಾಯಿತಿಗಳಲ್ಲಿ, 35 ವರ್ಷ ಮೀರಿದ ಸುಮಾರು 1 ಲಕ್ಷ 90 ಸಾವಿರ ಜನರನ್ನು ಸೇರಿಸಿ ಒಂದು ದೊಡ್ಡ ಅಧ್ಯಯನ ನಡೆಯಿತು. ಏಳು ಪಂಚಾಯಿತಿಗಳಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಮೂರು ವರ್ಷಕ್ಕೊಮ್ಮೆ ಬಾಯಿ ನೋಡಿದರು. ಉಳಿದ ಆರರಲ್ಲಿ ಎಂದಿನ ವ್ಯವಸ್ಥೆಯೇ ಇತ್ತು. 2005ರಲ್ಲಿ ಫಲಿತಾಂಶ ಪ್ರಕಟವಾದಾಗ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಸಾವುಗಳು ಸುಮಾರು ಮೂರನೆಯ ಒಂದು ಪಾಲು ಕಡಿಮೆಯಾಗಿದ್ದವು. ಇದಕ್ಕೆ ಬಳಸಿದ ಸಾಧನ ಕಣ್ಣು ಮತ್ತು ಬೆಳಕು, ಅಷ್ಟೇ. ಮುಂದೆ ಬೆಂಗಳೂರಿನಲ್ಲಿಯೂ ದಂತ ವೈದ್ಯರು ಬಯೋಕಾನ್ ಪ್ರತಿಷ್ಠಾನದ ನೆರವಿನಿಂದ ಇನ್ನೊಂದು ದಾರಿ ತೆರೆದರು: ಹಳ್ಳಿಯ ಆರೋಗ್ಯ ಕಾರ್ಯಕರ್ತೆಯು ಮೊಬೈಲಿನಲ್ಲಿ ಬಾಯಿಯ ಚಿತ್ರ ತೆಗೆದು ಕಳುಹಿಸುವುದು, ನಗರದ ತಜ್ಞರು ಅದನ್ನು ನೋಡಿ ಯಾರನ್ನು ಕರೆಸಬೇಕೆಂದು ಹೇಳುವುದು.

ಎಲ್ಲಿಗೆ ಹೋಗಬೇಕು, ಏನೆಂದು ಹೇಳಬೇಕು?

30 ವರ್ಷ ಮೀರಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿಯ ಪರೀಕ್ಷೆ ಆಗಬೇಕೆಂಬುದು 2016ರಿಂದ ಕೇಂದ್ರದ ಕಾರ್ಯಕ್ರಮದಲ್ಲಿದೆ. ಚಟವಿರುವವರು ಐದು ವರ್ಷ ಕಾಯದೆ ಆರು ತಿಂಗಳಿಗೋ ವರ್ಷಕ್ಕೋ ತೋರಿಸಿಕೊಳ್ಳುವುದು ಲೇಸು. ತಮಿಳುನಾಡು ಸರ್ಕಾರದ ಮನೆಬಾಗಿಲಿನ ವೈದ್ಯ ಯೋಜನೆಯಾದ ‘ಮಕ್ಕಳೈ ತೇಡಿ ಮರುತ್ತುವಂ’ 2021ರ ಆಗಸ್ಟ್ 5ರಂದು ಆರಂಭವಾದದ್ದು ನಮ್ಮ ನೆರೆಯ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿಯೇ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಯ ಬಳಿ ರಕ್ತದೊತ್ತಡ, ಸಕ್ಕರೆಗಳ ಜೊತೆಗೆ ಬಾಯಿಯ ವಿಷಯವನ್ನೂ ಕೇಳಿರಿ.

ಪಾಪಿರೆಡ್ಡಿಪಟ್ಟಿ, ಬೊಮ್ಮಿಡಿ ಕಡೆಯವರು ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ಪಾಪಿರೆಡ್ಡಿಪಟ್ಟಿ, ಹರೂರುಗಳ ಸರ್ಕಾರಿ ಆಸ್ಪತ್ರೆಯಲ್ಲಿಯೋ ದಂತ ವೈದ್ಯರು ಇರುವ ದಿನ, ವೇಳೆಗಳನ್ನು ವಿಚಾರಿಸಿಕೊಂಡು ಹೋಗಬಹುದು. ಮುಂದಿನ ಹಂತಕ್ಕೆ 2008ರಲ್ಲಿ ಆರಂಭವಾದ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ, ಸೇಲಂನ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು ಆಸ್ಪತ್ರೆಯೂ ಇವೆ. ಕ್ಯಾನ್ಸರಿಗೆಂದೇ ಇರುವವುಗಳಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಸ್ಥಾಪಿಸಿದ ಚೆನ್ನೈನ ಅಡಯಾರ್ ಸಂಸ್ಥೆ, ಕಾಂಚೀಪುರದ ಸರ್ಕಾರಿ ಅರಿಜ್ಞರ್ ಅಣ್ಣಾ ಆಸ್ಪತ್ರೆ ಹೆಸರಾದವು. ಕೂಲಿಗೆಂದು ಬೆಂಗಳೂರಿನಲ್ಲಿ ನೆಲಸಿರುವವರಿಗೆ 1973ರಲ್ಲಿ ಹುಟ್ಟಿದ ಕಿದ್ವಾಯಿ ಸಂಸ್ಥೆ ಇದೆ. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮೆಯ ಕಾರ್ಡು ಇದ್ದವರಿಗೆ ಕ್ಯಾನ್ಸರಿನ ಚಿಕಿತ್ಸೆಯೂ ಅದರಡಿ ಸೇರುತ್ತದೆ. ಕಾಯಿಲೆ ಬಂದ ಮೇಲೆ ಕಾರ್ಡಿಗೆ ಓಡಾಡುವುದಕ್ಕಿಂತ ಈಗಲೇ ಮಾಡಿಸಿಡುವುದು ಜಾಣತನ.

ಮನೆಯಲ್ಲಿ ಕನ್ನಡವಷ್ಟೇ ಆಡಿ ಬೆಳೆದ ಹಿರಿಯರಿಗೆ, ಅದರಲ್ಲೂ ಹೆಂಗಸರಿಗೆ, ಆಸ್ಪತ್ರೆಯ ತಮಿಳಿನ ಮುಂದೆ ಸಂಕೋಚವಾಗುವುದುಂಟು. ಹೇಳಬೇಕಾದುದನ್ನು ಅರ್ಧಕ್ಕೇ ನಿಲ್ಲಿಸಿ, ಕೊಟ್ಟ ಮಾತ್ರೆ ತೆಗೆದುಕೊಂಡು ಬಂದುಬಿಡುತ್ತಾರೆ. ಮಕ್ಕಳು ಈ ಕೆಲವು ಮಾತುಗಳನ್ನು ಅವರಿಗೆ ಕಲಿಸಿಕೊಡಲಿ: ಬಾಯಿಹುಣ್ಣಿಗೆ ‘ವಾಯ್ ಪುಣ್’, ಬಿಳಿ ಮಚ್ಚೆಗೆ ‘ವೆಳ್ಳೈ ತಿಟ್ಟು’, ಹೊಗೆಸೊಪ್ಪಿಗೆ ‘ಪುಗೈಯಿಲೈ’, ಅಡಿಕೆಗೆ ‘ಪಾಕ್ಕು’, ಬಾಯಿ ತೆರೆಯಲಾಗುತ್ತಿಲ್ಲ ಎನ್ನಲು ‘ವಾಯ್ ತಿರಕ್ಕ ಮುಡಿಯಲೈ’, ಕ್ಯಾನ್ಸರಿಗೆ ‘ಪುಟ್ರುನೋಯ್’. ಎಷ್ಟು ದಿನದಿಂದ ಹುಣ್ಣಿದೆ, ಯಾವ ಬದಿ, ಏನು ಅಗಿಯುವ ಅಭ್ಯಾಸ, ಎಷ್ಟು ವರ್ಷದಿಂದ ಎಂಬ ನಾಲ್ಕು ಸಂಗತಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಇನ್ನೂ ಉತ್ತಮ. ಅಜ್ಜಿಯ ಪ್ರಾಣ ಉಳಿಸಲು ಐದನೆಯ ತರಗತಿಯ ಕೈಬರಹ ಸಾಕು.

ಕಾನೂನು ಕೊಟ್ಟಿರುವ ಸಾಧನಗಳು

2003ರ ಸಿಗರೇಟು ಮತ್ತು ಇತರ ತಂಬಾಕು ಉತ್ಪನ್ನಗಳ ಕಾಯಿದೆಯ 6ನೆಯ ಕಲಮಿನಂತೆ 18 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಯಾವುದೇ ವಿದ್ಯಾಸಂಸ್ಥೆಯಿಂದ 100 ಗಜ, ಎಂದರೆ ಸುಮಾರು 91 ಮೀಟರಿನ ಒಳಗೆ ಯಾರಿಗೂ ಮಾರುವಂತಿಲ್ಲ. ‘ಅಪ್ಪನಿಗೆ ಬೀಡಿ’ ಎಂದು ಮಗು ಹೇಳಿತೆಂಬುದು ಅಂಗಡಿಯವನಿಗೆ ರಕ್ಷಣೆಯಲ್ಲ. ಮಗುವಿನ ಕೈಗೆ ಮಾರಿದೊಡನೆ ಅಪರಾಧ ಪೂರ್ಣವಾಯಿತು. ಈ ಕಾಯಿದೆಯಲ್ಲಿ ಅದಕ್ಕೆ ದಂಡ 200 ರೂಪಾಯಿಗಳವರೆಗೆ ಮಾತ್ರ. ಆದರೆ 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮು ಬಹಳ ಕಠಿಣವಾದದ್ದು: ವೈದ್ಯರ ಆದೇಶವಿಲ್ಲದೆ ಮಗುವಿಗೆ ಮದ್ಯ, ಮಾದಕವಸ್ತು ಅಥವಾ ತಂಬಾಕು ಉತ್ಪನ್ನ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ. ದೂರಿನಲ್ಲಿ ಈ ಎರಡನೆಯ ಕಲಮನ್ನೂ ಹೆಸರಿಸಿ ಬರೆದರೆ ಅದಕ್ಕೆ ಬರುವ ತೂಕವೇ ಬೇರೆ.

ಗುಟ್ಕಾದ ವಿಷಯದಲ್ಲಿ ತಮಿಳುನಾಡಿನ ಹೋರಾಟ ದೀರ್ಘವಾದದ್ದು. 2001ರಲ್ಲಿ ಸರ್ಕಾರವು ನಿಷೇಧಿಸಿತು. ಹಳೆಯ ಕಲಬೆರಕೆ ತಡೆ ಕಾಯಿದೆಯಡಿ ರಾಜ್ಯದ ಅಧಿಕಾರಿಗೆ ಆ ಅಧಿಕಾರವಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಮೇಲೆ ಬಂದ 2006ರ ಆಹಾರ ಸುರಕ್ಷತಾ ಕಾಯಿದೆಯೂ, ಯಾವ ಆಹಾರದಲ್ಲೂ ತಂಬಾಕು, ನಿಕೋಟಿನ್ ಇರಬಾರದೆನ್ನುವ 2011ರ ನಿಯಮವೂ ಹೊಸ ಆಧಾರ ಕೊಟ್ಟವು. 2013ರಲ್ಲಿ ತಮಿಳುನಾಡೂ ಕರ್ನಾಟಕವೂ ನಿಷೇಧ ಹೊರಡಿಸಿದವು. 2023ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಆ ಅಧಿಸೂಚನೆಯನ್ನು ರದ್ದುಪಡಿಸಿತು. ಅದೇ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. 2024ರಲ್ಲಿ ಉಚ್ಚ ನ್ಯಾಯಾಲಯದ ಮಧುರೈ ಪೀಠವು ಶಾಲಾ ಮಕ್ಕಳ ತುಟಿಯ ಒಳಗೆ ಸೇರುತ್ತಿರುವ ತಂಬಾಕಿನ ಸಣ್ಣ ಚೀಲಗಳ ಬಗೆಗೆ ಆತಂಕ ವ್ಯಕ್ತಪಡಿಸಿತು. ಇಪ್ಪತ್ತು ವರ್ಷಗಳ ಈ ಹಗ್ಗಜಗ್ಗಾಟದ ನಡುವೆ ಪೊಟ್ಟಣಗಳು ಅಂಗಡಿಗಳಿಂದ ಮಾಯವಾಗಲಿಲ್ಲ ಎಂಬುದನ್ನು ಬಸ್ ನಿಲ್ದಾಣದ ಯಾವ ಗೋಡೆಯಾದರೂ ಹೇಳುತ್ತದೆ.

ಪೋಷಕರು ಮಾಡಬಹುದಾದುದು ಇಷ್ಟು. ಶಾಲೆಯ ಹೊರಗೆ 100 ಗಜದ ನಿಷೇಧದ ಫಲಕ ಇದೆಯೇ ನೋಡಿ. ಇಲ್ಲದಿದ್ದರೆ ಪೋಷಕರ ಸಭೆಯಲ್ಲಿ ಕೇಳಿ, ನಡವಳಿಯಲ್ಲಿ ಬರೆಸಿ. ಮಾರಾಟ ಕಂಡರೆ ಅಂಗಡಿಯ ಜಾಗ, ದಿನ, ವೇಳೆಗಳನ್ನು ಗುರುತಿಸಿ ಮುಖ್ಯೋಪಾಧ್ಯಾಯರಿಗೂ, ಪೊಲೀಸ್ ಠಾಣೆಗೂ, ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೂ ಲಿಖಿತ ದೂರು ಕೊಡಿ. ಸ್ವೀಕೃತಿಯ ಮುದ್ರೆ ಇಲ್ಲದೆ ಹಿಂದಿರುಗಬೇಡಿ. ಮಕ್ಕಳನ್ನೇ ಬಳಸಿಕೊಳ್ಳುತ್ತಿದ್ದರೆ 1098ಕ್ಕೆ ಕರೆಮಾಡಿ. ಒಬ್ಬರ ದೂರಿಗಿಂತ ಹತ್ತು ಪೋಷಕರ ಸಹಿ ಇರುವ ದೂರು ಬೇಗ ನಡೆಯುತ್ತದೆ. ಅಂಗಡಿಯವರೂ ನಮ್ಮೂರಿನವರೇ ಆದ್ದರಿಂದ ಮೊದಲು ಒಮ್ಮೆ ಕರೆದು ಹೇಳಿ ನೋಡುವುದರಲ್ಲಿಯೂ ತಪ್ಪಿಲ್ಲ.

ಬಿಡುವ ದಾರಿ

ಕಾನೂನು ಅಂಗಡಿಯವರೆಗೆ ಬರಬಲ್ಲದು, ಬಾಯಿಯೊಳಗೆ ಬರಲಾರದು. ಚಟ ಬಿಡುವುದು ಕಷ್ಟವೆಂಬುದು ನಿಜ. ನಿಕೋಟಿನ್ ಮೆದುಳನ್ನು ಹಿಡಿದುಕೊಳ್ಳುವ ವಸ್ತು, ಅದು ಬರೀ ಮನಸ್ಸಿನ ದೌರ್ಬಲ್ಯದ ಮಾತಲ್ಲ. ಮೊದಲ ವಾರಗಳಲ್ಲಿ ಸಿಡುಕು, ನಿದ್ರೆಗೇಡು, ತಲೆನೋವು ಬರುತ್ತವೆ, ಹೋಗುತ್ತವೆ. ಬೈಯುವುದರಿಂದ ಯಾರೂ ಬಿಟ್ಟಿಲ್ಲ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿಯ ಉಚಿತ ಸಂಖ್ಯೆ 1800-11-2356. ದಕ್ಷಿಣದ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಕೇಂದ್ರವು ನೋಡಿಕೊಳ್ಳುವುದರಿಂದ ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಬಿಟ್ಟವರ ಅಪಾಯ ವರ್ಷ ವರ್ಷಕ್ಕೂ ಇಳಿಯುತ್ತಾ ಹೋಗುತ್ತದೆ. ಐವತ್ತರಲ್ಲಿ ಬಿಟ್ಟರೂ ಲಾಭವಿದೆ. ಬಿಟ್ಟ ಮೇಲೆಯೂ ಪರೀಕ್ಷೆಯನ್ನು ನಿಲ್ಲಿಸಬಾರದು, ಏಕೆಂದರೆ ಹಳೆಯ ಸಾಲ ಒಮ್ಮೆಗೇ ತೀರುವುದಿಲ್ಲ.

ಶಾಲೆಗಳಿಗೆ ಒಂದು ಮಾತು. ಮಕ್ಕಳ ಆರೋಗ್ಯ ತಪಾಸಣೆಗೆಂದು ಸರ್ಕಾರದ ತಂಡ ಬರುವಾಗ ಹಲ್ಲಿನ ಪರೀಕ್ಷೆಯೂ ಅದರಲ್ಲಿ ಸೇರಿರುತ್ತದೆ. ಆ ದಿನ ಪೋಷಕರನ್ನೂ ಕರೆಸಿ, ಒಬ್ಬ ದಂತ ವೈದ್ಯರನ್ನು ಹೆಚ್ಚಿಗೆ ಬರಮಾಡಿಕೊಂಡರೆ, ಮಕ್ಕಳ ಸಾಲಿನ ಹಿಂದೆ ತಂದೆ ತಾಯಿಯರ ಸಾಲೂ ನಿಲ್ಲಬಹುದು. ಆಸ್ಪತ್ರೆಗೆ ಹೋಗಲು ಕೂಲಿಯ ದಿನ ಕಳೆಯಬೇಕೆನ್ನುವವರು ಮಕ್ಕಳ ಶಾಲೆಗೆ ಬರಲು ಹಿಂಜರಿಯುವುದಿಲ್ಲ. ಮೇ 31 ವಿಶ್ವ ತಂಬಾಕು ರಹಿತ ದಿನ. ಆಗ ಶಾಲೆಗೆ ರಜೆ. ಆದ್ದರಿಂದ ಜೂನ್ ತಿಂಗಳ ಮೊದಲ ಪೋಷಕರ ಸಭೆಯನ್ನೇ ಇದಕ್ಕೆ ಗೊತ್ತುಮಾಡಿಕೊಳ್ಳುವುದು ಅನುಕೂಲ.

ಓದುಗ ಬಂಧುಗಳಲ್ಲಿ ಕೊನೆಯದಾಗಿ ಒಂದು ಪ್ರಾರ್ಥನೆ. ಈ ಪತ್ರಿಕೆ ಕೈಯಲ್ಲಿರುವ ವಾರದಲ್ಲಿಯೇ, ಮನೆಯಲ್ಲಿ ಎಲೆಅಡಿಕೆ, ಬೀಡಿ, ಪೊಟ್ಟಣ ಯಾವುದರದಾದರೂ ಅಭ್ಯಾಸವಿರುವ ಒಬ್ಬರನ್ನು ಅಂಗಳದ ಬೆಳಕಿಗೆ ಕೂರಿಸಿ, ‘ಒಮ್ಮೆ ಬಾಯಿ ತೆರೆಯಿರಿ’ ಎಂದು ಕೇಳಿರಿ. ಏನೂ ಕಾಣದಿದ್ದರೆ ಸಂತೋಷ. ಏನಾದರೂ ಕಂಡರೆ ಹೆದರಿಸಬೇಡಿ, ಸುಮ್ಮನಿರಲೂ ಬೇಡಿ. ಮರುದಿನದ ಬಸ್ಸಿಗೆ ಅವರೊಡನೆ ನೀವೂ ಹತ್ತಿರಿ.